ನಿಯಮ ಬದಲಾಯಿಸುವ ಮುನ್ನ

ಅಂಗಡಿಯಲ್ಲಿ ಹಾಲಿನ ಪೊಟ್ಟಣ ಕೊಂಡು ಫೋನಿನಿಂದ ಹಣ ಕೊಡುತ್ತೀರಿ. ನಿಮಗೆ ಕಾಣುವುದು ಒಂದು ಹಸಿರು ಗುರುತು, ಕೇಳುವುದು ಒಂದು ಸಣ್ಣ ಸದ್ದು. ಆದರೆ ಆ ಕ್ಷಣದಲ್ಲಿ ಹುಟ್ಟಿದ ಮಾಹಿತಿ ಒಂದೇ ಕಡೆಗೆ ಹೋಗಿ ನಿಲ್ಲುವುದಿಲ್ಲ. ನಿಮ್ಮ ಬ್ಯಾಂಕಿನ ಲೆಕ್ಕಕ್ಕೆ ಅದರ ಒಂದು ಪ್ರತಿ ಹೋಗಬೇಕು; ಅಂಗಡಿಯವರ ಬ್ಯಾಂಕಿಗೆ ಇನ್ನೊಂದು; ನಿಮ್ಮ ಫೋನಿಗೆ ಬರುವ ಸಂದೇಶಕ್ಕೆ ಮತ್ತೊಂದು; ಮೋಸದ ವ್ಯವಹಾರವೇನಾದರೂ ಇದೆಯೇ ಎಂದು ನೋಡುವ ವಿಭಾಗಕ್ಕೆ ಒಂದು; ನಾಳೆ ತಕರಾರು ಬಂದರೆ ತೆಗೆದು ನೋಡುವ ಕಡತಕ್ಕೆ ಒಂದು. ಯಾವುದು ಎಲ್ಲಿಗೆ ಹೋಗಬೇಕೆಂಬುದನ್ನು ಯಾರೋ ಮೊದಲೇ ಬರೆದಿಟ್ಟಿರಬೇಕು. ಹಾಗೆ ಬರೆದಿಟ್ಟ ನಿಯಮಗಳನ್ನು ಬದಲಾಯಿಸಬೇಕಾಗಿ ಬಂದಾಗ, ಬದಲಾಯಿಸುವ ಮುನ್ನ ಅವನ್ನು ಪರೀಕ್ಷಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮಾಹಿತಿ ಹರಿಯುವ ಈ ವ್ಯವಸ್ಥೆಯನ್ನು ಆ ಕಸುಬಿನವರು ಪೈಪ್‌ಲೈನು ಎನ್ನುತ್ತಾರೆ. ನಾವು ಬೇಕಾದರೆ ಕೆರೆಯ ಕಾಲುವೆ ಎಂದುಕೊಳ್ಳೋಣ. ಕೆರೆಯ ನೀರು ತೂಬಿನಲ್ಲಿ ಇಳಿದು, ಕಾಲುವೆಯಲ್ಲಿ ಹರಿದು, ಕವಲು ಕವಲಾಗಿ ಒಡೆದು ಗದ್ದೆಗಳನ್ನು ಸೇರುತ್ತದೆ. ಯಾವ ಹೊತ್ತಿಗೆ ಯಾವ ಕವಲು ತೆರೆಯಬೇಕೆಂದು ನೋಡಿಕೊಳ್ಳುವವನು ನೀರುಗಂಟಿ. ಕಂಪ್ಯೂಟರುಗಳ ಲೋಕದಲ್ಲಿ ನೀರುಗಂಟಿಯ ಕೆಲಸ ಮಾಡುವುದು ಒಂದು ನಿಯಮಪಟ್ಟಿ. ಆದರೆ ಇವೆರಡಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ನೀರುಗಂಟಿ ತಪ್ಪು ಕವಲನ್ನು ತೆರೆದರೆ ಸಂಜೆಯೊಳಗೆ ಕಾಲುವೆಯ ಕೊನೆಯ ಗದ್ದೆಯವರು ಬಂದು ಜಗಳ ತೆಗೆಯುತ್ತಾರೆ. ಮಾಹಿತಿ ದಾರಿ ತಪ್ಪಿದರೆ ಯಾರ ಗದ್ದೆಯೂ ಕಣ್ಣೆದುರಿಗೆ ಒಣಗುವುದಿಲ್ಲ. ಬರಬೇಕಾದ ದಾಖಲೆ ಬರಲಿಲ್ಲವೆಂಬುದು ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆಯಾಗದಿದ್ದಾಗ ತಿಳಿಯಬಹುದು, ತಿಳಿಯದೆಯೂ ಹೋಗಬಹುದು. ಆದುದರಿಂದಲೇ ಇಲ್ಲಿ ಮುಂಚಿನ ಪರೀಕ್ಷೆಗೆ ಅಷ್ಟೊಂದು ಬೆಲೆ.

ನಿಯಮವೆಂದರೆ ಎಂಥದು ಎಂಬುದನ್ನು ತಿಳಿಯಲು ನಮ್ಮ ಅಂಚೆಯ ಪಿನ್ ಸಂಖ್ಯೆಯನ್ನೇ ತೆಗೆದುಕೊಳ್ಳೋಣ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಸಂಖ್ಯೆ ಕಾಗದವನ್ನು ದಾರಿಗೆ ಹಚ್ಚುವ ನಿಯಮವೇ ಹೌದು. ಮೊದಲ ಎರಡು ಅಂಕಿಗಳು 56ರಿಂದ 59ರವರೆಗೆ ಇದ್ದರೆ ಕಾಗದ ಕರ್ನಾಟಕದ್ದು. 570001 ಎಂದರೆ ಮೈಸೂರು. 575001 ಎಂದರೆ ಮಂಗಳೂರು. 577201 ಎಂದರೆ ಶಿವಮೊಗ್ಗ. ಮೂರೂ 57ರಿಂದಲೇ ಆರಂಭವಾಗುತ್ತವೆಂಬುದನ್ನು ಗಮನಿಸಿ. ಈಗ, ಕಾಗದ ವಿಂಗಡಿಸುವ ಒಂದು ಯಂತ್ರವನ್ನು ಕಲ್ಪಿಸಿಕೊಳ್ಳಿ. ಅದರ ಪಟ್ಟಿಯಲ್ಲಿ ಎರಡೇ ನಿಯಮಗಳಿವೆ. ಒಂದನೆಯದು: 575ರಿಂದ ಆರಂಭವಾದರೆ ಮಂಗಳೂರಿನ ಚೀಲಕ್ಕೆ ಹಾಕು. ಎರಡನೆಯದು: 57ರಿಂದ ಆರಂಭವಾದರೆ ಮೈಸೂರಿನ ಚೀಲಕ್ಕೆ ಹಾಕು. ಯಂತ್ರ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ಮೊದಲು ಹೊಂದಿದ ನಿಯಮವನ್ನು ನಡೆಸಿ, ಮುಂದಿನ ಕಾಗದಕ್ಕೆ ಕೈಹಾಕುತ್ತದೆ.

ಇನ್ನು ಮುಂದೆ ಶಿವಮೊಗ್ಗದ ಕಾಗದಗಳಿಗೆ ಬೇರೆಯೇ ಚೀಲ ಬೇಕೆಂದು ತೀರ್ಮಾನವಾಯಿತೆನ್ನಿ. ನೌಕರನೊಬ್ಬ ಪಟ್ಟಿಯ ಕೊನೆಗೆ ಮೂರನೆಯ ನಿಯಮವನ್ನು ಸೇರಿಸುತ್ತಾನೆ: 577ರಿಂದ ಆರಂಭವಾದರೆ ಶಿವಮೊಗ್ಗದ ಚೀಲಕ್ಕೆ ಹಾಕು. ವಾಕ್ಯ ಸರಿಯಾಗಿದೆ, ಸಂಖ್ಯೆ ಸರಿಯಾಗಿದೆ, ಚೀಲವೂ ಸಿದ್ಧವಾಗಿದೆ. ಆದರೂ ಆ ಚೀಲಕ್ಕೆ ಒಂದು ಕಾಗದವೂ ಬೀಳುವುದಿಲ್ಲ. 577ರ ಕಾಗದ ಬಂದೊಡನೆ ಎರಡನೆಯ ನಿಯಮವೇ ಅದನ್ನು ಮೈಸೂರಿನ ಚೀಲಕ್ಕೆ ಎಳೆದು ಹಾಕಿರುತ್ತದೆ. ಮೂರನೆಯ ನಿಯಮದವರೆಗೆ ಸರದಿ ಬರುವುದೇ ಇಲ್ಲ. ಯಂತ್ರ ಯಾವ ದೂರನ್ನೂ ಹೇಳದು. ಅದರ ಮಟ್ಟಿಗೆ ಎಲ್ಲವೂ ನಿಯಮದಂತೆಯೇ ನಡೆದಿದೆ. ಪ್ರತಿಯೊಂದು ನಿಯಮವನ್ನೂ ಬಿಡಿಬಿಡಿಯಾಗಿ ಓದಿ ತಲೆದೂಗಿದವರಿಗೆ ಈ ದೋಷ ಕಾಣದು. ನಿಯಮದ ಅರ್ಥ ಅದರ ಅಕ್ಷರದಲ್ಲಿ ಎಷ್ಟಿದೆಯೋ ಅದು ಕುಳಿತ ಜಾಗದಲ್ಲಿಯೂ ಅಷ್ಟೇ ಇದೆ.

ಇದಕ್ಕೆ ಇನ್ನೊಂದು ಬಗೆಯ ಯಂತ್ರವೂ ಇದೆ. ಅದು ಕ್ರಮವನ್ನು ನೋಡುವುದಿಲ್ಲ. ಹೊಂದುವ ನಿಯಮಗಳಲ್ಲಿ ಯಾವುದು ಅತ್ಯಂತ ಸೂಕ್ಷ್ಮವೋ, ಅಂದರೆ ಹೆಚ್ಚು ಅಂಕಿಗಳನ್ನು ಹೇಳುತ್ತದೆಯೋ, ಅದನ್ನು ಹಿಡಿಯುತ್ತದೆ. ಅಂತರ್ಜಾಲದ ಮಾರ್ಗಗಳನ್ನು ನಿರ್ಧರಿಸುವ ರೂಟರುಗಳು ಈ ಬಗೆಯವು. ಇಲ್ಲಿ ಶಿವಮೊಗ್ಗದ ನಿಯಮ ಎಲ್ಲಿದ್ದರೂ ನಡೆಯುತ್ತದೆ. ಆದರೆ ಇದರ ಅಪಾಯವೇ ಬೇರೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆ ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯುವುದಕ್ಕಾಗಿ ಒಂದು ಮಾರ್ಗವನ್ನು ಸಾರಿತು. ಯೂಟ್ಯೂಬ್ ತನ್ನ 1,024 ವಿಳಾಸಗಳಿಗೆ ಒಟ್ಟಾಗಿ ಒಂದು ಮಾರ್ಗವನ್ನು ಸಾರಿದ್ದಿತು; ಈ ಹೊಸ ಸಾರಣೆ ಅವುಗಳಲ್ಲಿ 256 ವಿಳಾಸಗಳಿಗೆ ಮಾತ್ರ ಸಂಬಂಧಿಸಿದ್ದು. ಆದ್ದರಿಂದ ಹೆಚ್ಚು ಸೂಕ್ಷ್ಮವಾದದ್ದು. ದೇಶದೊಳಗೇ ಇರಬೇಕಾಗಿದ್ದ ಅದು ಮೇಲಿನ ಹಂತದ ಸಂಸ್ಥೆಯೊಂದರ ಮೂಲಕ ಹೊರಕ್ಕೆ ಸೋರಿತು. ಜಗತ್ತಿನ ಹಲವು ಕಡೆಯ ರೂಟರುಗಳು ತಮ್ಮ ಧರ್ಮದಂತೆ ಸೂಕ್ಷ್ಮವಾದ ನಿಯಮವನ್ನೇ ಹಿಡಿದವು. ಸುಮಾರು ಎರಡು ಗಂಟೆಗಳ ಕಾಲ ಯೂಟ್ಯೂಬಿಗೆ ಹೊರಟ ಕೋರಿಕೆಗಳು ಪಾಕಿಸ್ತಾನದ ಕಡೆಗೆ ಹರಿದುಹೋದವು. ಆದುದರಿಂದ ಪರೀಕ್ಷೆಗೆ ಕೂಡುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ನಮ್ಮ ಯಂತ್ರ ಎರಡು ನಿಯಮಗಳು ಹೊಂದಿದಾಗ ಯಾವುದನ್ನು ಹಿಡಿಯುತ್ತದೆ? ಮೊದಲನೆಯದನ್ನೋ, ಸೂಕ್ಷ್ಮವಾದದ್ದನ್ನೋ, ಅಥವಾ ಎರಡನ್ನೂ ನಡೆಸಿ ಎರಡು ಪ್ರತಿ ಕಳಿಸುತ್ತದೆಯೋ? ಇದು ತಿಳಿಯದೆ ಮುಂದಿನ ಯಾವ ಪರೀಕ್ಷೆಯೂ ಫಲಿಸದು.

ಇಷ್ಟು ತಿಳಿದ ಮೇಲೆ ಪರೀಕ್ಷೆಯ ಹಂತಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಓದಿನ ಪರೀಕ್ಷೆ. ನಿಯಮಪಟ್ಟಿಯಲ್ಲಿ ಅಕ್ಷರದೋಷವಿದೆಯೇ, ಬರೆದ ಪ್ರತಿಯೊಂದು ಗುರಿಯೂ ನಿಜವಾಗಿ ಇದೆಯೇ, ಎರಡು ನಿಯಮಗಳಿಗೆ ಒಂದೇ ಹೆಸರು ಬಿದ್ದಿದೆಯೇ ಎಂಬುದನ್ನು ಯಂತ್ರವೇ ನೋಡಿ ಹೇಳಬಲ್ಲುದು. ಇದನ್ನು ಮಾಡಲೇಬೇಕು. ಆದರೆ ಇಲ್ಲಿಗೇ ನಿಲ್ಲುವವರು ಹೆಚ್ಚು ಮಂದಿ. ವ್ಯಾಕರಣ ಶುದ್ಧವಾದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲವಷ್ಟೆ? ಬರಿದಾದ ಕಾಗದದಲ್ಲಿ ಒಂದು ಅಕ್ಷರದೋಷವೂ ಇರುವುದಿಲ್ಲ. ಇದು ತಮಾಷೆಯ ಮಾತಲ್ಲ. 2024ರ ನವೆಂಬರ್ 14ರಂದು ಕ್ಲೌಡ್‌ಫ್ಲೇರ್ ಎಂಬ ಅಮೆರಿಕದ ಜಾಲಸಂಸ್ಥೆಯಲ್ಲಿ ನಡೆದದ್ದು ಇದೇ.

ಆ ಸಂಸ್ಥೆ ತನ್ನ ಗಿರಾಕಿಗಳ ಜಾಲತಾಣಗಳಿಗೆ ಯಾರು ಯಾವಾಗ ಬಂದರು, ಏನು ಕೇಳಿದರು ಎಂಬ ದಾಖಲೆಗಳನ್ನು ಕೂಡಿಸಿ, ಬೇಕೆಂದವರಿಗೆ ಕಳಿಸಿಕೊಡುತ್ತದೆ. ಲಾಗ್ ಎಂದು ಕರೆಯುವ ಈ ದಾಖಲೆಗಳು ಕಳ್ಳರ ಹೆಜ್ಜೆ ಹುಡುಕುವುದಕ್ಕೂ ಲೆಕ್ಕ ಒಪ್ಪಿಸುವುದಕ್ಕೂ ಬೇಕಾಗುವಂಥವು. ಅಂದು ಹೊಸ ಬಗೆಯ ದಾಖಲೆಯೊಂದನ್ನು ಸೇರಿಸಲು ನಿಯಮಪಟ್ಟಿಯನ್ನು ಬದಲಾಯಿಸಿದರು. ಪಟ್ಟಿಯನ್ನು ತಯಾರಿಸುವ ವ್ಯವಸ್ಥೆಯಲ್ಲಿದ್ದ ದೋಷದಿಂದ ಖಾಲಿ ಪಟ್ಟಿ ಹೊರಟಿತು. ಯಾವ ಗಿರಾಕಿಗೂ ದಾಖಲೆ ಬೇಕಾಗಿಲ್ಲ ಎಂಬುದು ಅದರ ಅರ್ಥ. ತಪ್ಪು ಬೇಗನೆ ಕಂಡಿತು. ಐದು ನಿಮಿಷದೊಳಗೆ ಹಳೆಯ ಪಟ್ಟಿಯನ್ನು ಹಿಂದಕ್ಕೆ ತಂದರು. ಆದರೆ ಅಷ್ಟರಲ್ಲಿಯೇ ಎರಡನೆಯ ಅನರ್ಥ ನಡೆದುಹೋಗಿತ್ತು. ಹಿಂದೆ ದಾಖಲೆಗಳ ಹರಿವು ತೀರ ಕಡಿಮೆಯಿದ್ದ ಕಾಲದಲ್ಲಿ ಯಾರೋ ಒಂದು ರಕ್ಷಣೆಯನ್ನು ಇಟ್ಟಿದ್ದರು: ಪಟ್ಟಿ ದೊರೆಯದಿದ್ದರೆ ಏನನ್ನೂ ಕಳೆಯಬೇಡ, ಎಲ್ಲರ ದಾಖಲೆಯನ್ನೂ ಕಳಿಸು ಎಂದು. ಆ ರಕ್ಷಣೆ ಎಚ್ಚೆತ್ತು ಎಲ್ಲ ತೂಬುಗಳನ್ನೂ ತೆರೆಯಿತು. ಮುಂದಿನ ಹಂತದಲ್ಲಿ ಗಿರಾಕಿಗೊಂದರಂತೆ ಇರುವ ತೊಟ್ಟಿಗಳು ಸುಮಾರು ನಲವತ್ತು ಪಟ್ಟು ಹೆಚ್ಚಿದವು; ಆ ಯಂತ್ರ ಸ್ತಬ್ಧವಾಯಿತು. ಇಂಥ ನೆರೆಯನ್ನು ತಡೆಯುವ ಸಾಧನ ಆ ಹಂತದಲ್ಲಿ ಇದ್ದೇ ಇತ್ತು, ಆದರೆ ಅದನ್ನು ಚಾಲೂ ಮಾಡಿರಲಿಲ್ಲ. ಸುಮಾರು ಮೂರೂವರೆ ಗಂಟೆಗಳಲ್ಲಿ ಗಿರಾಕಿಗಳಿಗೆ ಹೋಗಬೇಕಾಗಿದ್ದ ದಾಖಲೆಗಳಲ್ಲಿ ಶೇಕಡ 55ರಷ್ಟು ಶಾಶ್ವತವಾಗಿ ನಷ್ಟವಾದವು.

ಇದರಿಂದ ಕಲಿಯತಕ್ಕದ್ದು ಎರಡು. ನಿಯಮಪಟ್ಟಿಯನ್ನು ಒಪ್ಪುವ ಮುನ್ನ ಲೆಕ್ಕ ಕೇಳಬೇಕು: ನಿನ್ನೆ ಎಷ್ಟು ನಿಯಮಗಳಿದ್ದವು, ಇಂದು ಎಷ್ಟಿವೆ? ನಾವು ಒಂದನ್ನು ಸೇರಿಸಿದ್ದರೆ ಒಂದೇ ಹೆಚ್ಚಾಗಿರಬೇಕು. ಸಾವಿರದಿಂದ ಸೊನ್ನೆಗೆ ಇಳಿದ ಪಟ್ಟಿಯನ್ನು, ಅದು ಎಷ್ಟೇ ಶುದ್ಧವಾಗಿರಲಿ, ಯಂತ್ರ ನಿರಾಕರಿಸುವಂತಿರಬೇಕು. ಎರಡನೆಯದಾಗಿ, ಯಾವ ನಿಯಮಕ್ಕೂ ಹೊಂದದ್ದು ಎಲ್ಲಿಗೆ ಹೋಗುತ್ತದೆಂಬುದನ್ನು ಮೊದಲೇ ಬರೆದು, ಅದನ್ನೂ ಪರೀಕ್ಷಿಸಬೇಕು. ವಿಳಾಸ ತಿಳಿಯದ ಕಾಗದಗಳಿಗೆಂದು ಅಂಚೆಯವರು ಹಿಂದಿನಿಂದಲೂ ಬೇರೆ ಕಚೇರಿಯನ್ನೇ ಇಟ್ಟುಕೊಂಡು ಬಂದರು. ಅದಕ್ಕೆ ಡೆಡ್ ಲೆಟರ್ ಆಫೀಸು ಎಂದು ಹೆಸರಿತ್ತು. ಕಂಪ್ಯೂಟರಿನವರು ಆ ಹೆಸರನ್ನೇ ಎರವಲು ಪಡೆದು, ದಾರಿ ಕಾಣದ ಮಾಹಿತಿಯನ್ನು ನಿಲ್ಲಿಸುವ ಸಾಲಿಗೆ ಡೆಡ್ ಲೆಟರ್ ಕ್ಯೂ ಎನ್ನುತ್ತಾರೆ. ಹೊಂದದ್ದನ್ನು ಎಸೆಯದೆ, ಎಲ್ಲರ ಮೇಲೂ ಸುರಿಯದೆ, ಒಂದೆಡೆ ಕಾದಿಟ್ಟು ಎಣಿಸುವುದು ಒಳ್ಳೆಯ ಪದ್ಧತಿ.

ಎರಡನೆಯದು ಮಾದರಿ ಕಾಗದಗಳ ಪರೀಕ್ಷೆ. ಇಪ್ಪತ್ತೋ ಮೂವತ್ತೋ ಕಾಗದಗಳನ್ನು ಬರೆದು, ಪ್ರತಿಯೊಂದರ ಮುಂದೆ ಅದು ಸೇರಬೇಕಾದ ಚೀಲವನ್ನೂ ಬರೆದಿಡಬೇಕು. ಅನಂತರವೇ ಯಂತ್ರವನ್ನು ಓಡಿಸಿ ತಾಳೆ ನೋಡಬೇಕು. ಉತ್ತರವನ್ನು ಮುಂಚೆ ಬರೆಯುವುದು ಮುಖ್ಯ. ಯಂತ್ರದ ಉತ್ತರವನ್ನು ನೋಡಿದ ಮೇಲೆ ಬರೆಯಹೊರಟರೆ ನಮ್ಮ ಮನಸ್ಸು ಅದಕ್ಕೇ ಒಗ್ಗಿಕೊಂಡುಬಿಡುತ್ತದೆ. ಉತ್ತರ ಬರೆಯುವವರು ನಿಯಮವನ್ನು ಬರೆದವರಲ್ಲದೆ, ಆ ಚೀಲವನ್ನು ಪಡೆಯುವವರಾಗಿದ್ದರೆ ಮತ್ತೂ ಒಳ್ಳೆಯದು. ಶಿವಮೊಗ್ಗದ ಅಂಚೆಯವರಿಗೆ ತಮಗೆ ಬರಬೇಕಾದ್ದು ಏನೆಂಬುದು ಚೆನ್ನಾಗಿ ಗೊತ್ತಿರುತ್ತದೆ.

ಮಾದರಿಗಳನ್ನು ಆರಿಸುವಾಗ ಸಾಧುವಾದ ಕಾಗದಗಳನ್ನೇ ತೆಗೆದುಕೊಂಡರೆ ಪರೀಕ್ಷೆಯಿಂದ ಏನೂ ತಿಳಿಯದು. ಜನ ಹೇಗೆ ಬರೆಯುತ್ತಾರೆಂಬುದನ್ನು ನೆನೆಯಿರಿ. ಕೆಲವರು 577201 ಎಂದು ಕೂಡಿಸಿ ಬರೆಯುತ್ತಾರೆ, ಕೆಲವರು 577 201 ಎಂದು ನಡುವೆ ಜಾಗ ಬಿಡುತ್ತಾರೆ. ಕೆಲವರು ೫೭೭೨೦೧ ಎಂದು ಕನ್ನಡದ ಅಂಕಿಗಳಲ್ಲಿ ಬರೆಯುತ್ತಾರೆ. ಕೆಲವರು ಐದೇ ಅಂಕಿ ಬರೆದು ಒಂದನ್ನು ಮರೆಯುತ್ತಾರೆ. ಕೆಲವರು ಸಂಖ್ಯೆಯನ್ನೇ ಬರೆಯುವುದಿಲ್ಲ. ಓದುವ ಮನುಷ್ಯನಿಗೆ ಮೊದಲ ಮೂರೂ ಒಂದೇ. ಯಂತ್ರಕ್ಕೆ ಅವು ಮೂರು ಬೇರೆ ಬೇರೆ ವಸ್ತುಗಳು. ಹಾಗೆಯೇ ಗಡಿಯ ಮೇಲಿರುವ ಕಾಗದಗಳನ್ನೂ ಸೇರಿಸಬೇಕು: 576ರ ಕೊನೆಯದು, 577ರ ಮೊದಲನೆಯದು, 577ರ ಕೊನೆಯದು, 578ರಿಂದ ಆರಂಭವಾಗುವ ಒಂದು. ತಪ್ಪು ಅಡಗುವುದು ಹೆಚ್ಚಾಗಿ ಇಂಥ ಗಡಿಗಳಲ್ಲಿಯೇ.

ಮೂರನೆಯದು, ಎಲ್ಲಕ್ಕಿಂತ ಬೆಲೆಯುಳ್ಳದ್ದು, ಹಳೆಯ ಕಾಗದಗಳನ್ನು ಎರಡು ಪಟ್ಟಿಗಳ ಮೂಲಕವೂ ಹಾಯಿಸುವುದು. ಮಾದರಿಗಳು ನಮ್ಮ ಕಲ್ಪನೆಗೆ ಬಂದಷ್ಟೇ. ನಿಜವಾದ ಟಪಾಲಿನಲ್ಲಿ ನಾವು ಕಲ್ಪಿಸದೆ ಇದ್ದದ್ದೂ ಇರುತ್ತದೆ. ಹಿಂದಿನ ತಿಂಗಳಲ್ಲಿ ಬಂದ ಹತ್ತು ಸಾವಿರ ಕಾಗದಗಳ ಪ್ರತಿಯನ್ನು ತೆಗೆದುಕೊಂಡು, ಹಳೆಯ ಪಟ್ಟಿ ಯಾವ ಚೀಲ ಹೇಳುತ್ತದೆ, ಹೊಸ ಪಟ್ಟಿ ಯಾವ ಚೀಲ ಹೇಳುತ್ತದೆ ಎಂದು ಪಕ್ಕಪಕ್ಕದಲ್ಲಿ ಬರೆಯಿಸಿ. ಎರಡೂ ಒಂದೇ ಇದ್ದ ಸಾಲುಗಳನ್ನು ಅಳಿಸಿಹಾಕಿ. ಉಳಿದದ್ದೇ ನಮ್ಮ ಬದಲಾವಣೆ. 577ರ ಕಾಗದಗಳು ಆರು ನೂರು ಇದ್ದವೆಂದುಕೊಳ್ಳಿ. ಹಾಗಾದರೆ ಆರು ನೂರು ಸಾಲುಗಳು ಉಳಿಯಬೇಕು. ಆರು ನೂರ ಹನ್ನೆರಡು ಉಳಿದರೆ? ಆ ಹನ್ನೆರಡನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಬೇಕು. ಪ್ರಾಯಶಃ ನಿಯಮವನ್ನು ಬರೆದವರು 577ರಿಂದ ಆರಂಭವಾದರೆ ಎನ್ನುವುದಕ್ಕೆ ಬದಲಾಗಿ 577 ಎಲ್ಲಾದರೂ ಇದ್ದರೆ ಎಂದು ಬರೆದಿರಬಹುದು. ಸಂಖ್ಯೆಯ ನಡುವೆಯೋ ಕೊನೆಗೋ 577 ಇದ್ದ ಬೇರೆ ಊರಿನ ಕಾಗದಗಳು ಶಿವಮೊಗ್ಗದ ದಾರಿ ಹಿಡಿದಿರಬಹುದು. ಒಟ್ಟು ಎಣಿಕೆ ಮಾತ್ರ ನೋಡಿದ್ದರೆ ಇದು ಸಿಕ್ಕುತ್ತಿರಲಿಲ್ಲ: ಒಳಗೆ ಬಂದದ್ದು ಹತ್ತು ಸಾವಿರ, ಹೊರಗೆ ಹೋದದ್ದೂ ಹತ್ತು ಸಾವಿರ. ಎಣಿಕೆಯೂ ಬೇಕು, ಹೋಲಿಕೆಯೂ ಬೇಕು. ಉಳಿದ ಸಾಲುಗಳಲ್ಲಿ ಕಾರಣ ಹೇಳಲಾಗದ್ದು ಒಂದಿದ್ದರೂ ಪಟ್ಟಿಯನ್ನು ಜಾರಿಗೆ ತರಬಾರದು.

ಈ ಪರೀಕ್ಷೆಯನ್ನು ನಡೆಸುವಾಗ ಎರಡು ಎಚ್ಚರಿಕೆಗಳು ಅಗತ್ಯ. ಪರೀಕ್ಷೆಯ ಚೀಲಗಳು ಪರೀಕ್ಷೆಯ ಕೋಣೆಯಿಂದ ಹೊರಗೆ ಹೋಗುವಂತಿರಬಾರದು. ಹಿಂದಿನ ತಿಂಗಳ ಹಣ ಪಾವತಿಯ ಸಂದೇಶಗಳು ಪರೀಕ್ಷೆಯ ನೆಪದಲ್ಲಿ ಮತ್ತೊಮ್ಮೆ ಜನರ ಫೋನಿಗೆ ಹೋದರೆ ಆಗುವ ಗಾಬರಿಯನ್ನು ಊಹಿಸಿಕೊಳ್ಳಿ. ಆದ್ದರಿಂದ ಗುರಿಗಳ ವಿಳಾಸಗಳನ್ನೇ ಬದಲಾಯಿಸಿ, ಎಲ್ಲವೂ ಒಂದು ಕಡತಕ್ಕೆ ಬಂದು ನಿಲ್ಲುವಂತೆ ಮಾಡಿರಬೇಕು. ಇನ್ನೊಂದು, ಆ ಹಳೆಯ ಮಾಹಿತಿಯಲ್ಲಿ ನಿಜವಾದ ಜನರ ಹೆಸರು, ಫೋನು, ರೋಗ, ಸಾಲ ಎಲ್ಲವೂ ಇರುತ್ತವೆ. ದಾರಿ ನಿರ್ಧರಿಸಲು ಬೇಕಾದ ಅಂಕಿಗಳನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಅಳಿಸಿ ಉಪಯೋಗಿಸಬೇಕು. ವಿಂಗಡಿಸುವವರಿಗೆ ಲಕೋಟೆಯ ಮೇಲ್ಬರಹ ಸಾಕು. ಒಳಗಿನ ಕಾಗದವನ್ನು ಓದುವ ಅಗತ್ಯವಿಲ್ಲ.

ನಾಲ್ಕನೆಯದು ನೆರಳಿನ ಪರೀಕ್ಷೆ. ಹಳೆಯ ಪಟ್ಟಿಯೇ ಕೆಲಸ ನಡೆಸುತ್ತಿರುವಾಗ, ಇಂದು ಬರುವ ಕಾಗದಗಳನ್ನು ಹೊಸ ಪಟ್ಟಿಗೂ ತೋರಿಸಿ, ಅದು ಹೇಳುವ ಉತ್ತರವನ್ನು ಬರೆದಿಟ್ಟುಕೊಳ್ಳುವುದಷ್ಟೇ, ಅದರಂತೆ ನಡೆಯುವುದಿಲ್ಲ. ಹೀಗೆ ಒಂದು ವಾರ ನಡೆಸಿದರೆ ಹಿಂದಿನ ತಿಂಗಳಲ್ಲಿ ಇಲ್ಲದಿದ್ದ ಬಗೆಯ ಕಾಗದಗಳೂ ಸಿಕ್ಕುತ್ತವೆ. ಸಂಬಳದ ದಿನ, ಪರೀಕ್ಷೆಯ ಫಲಿತಾಂಶದ ದಿನ, ಹಬ್ಬದ ಹಿಂದಿನ ದಿನ ಇವು ಆ ವಾರದೊಳಗೆ ಬಂದರೆ ಮೇಲು.

ಐದನೆಯದು, ಜಾರಿಗೆ ತರುವಾಗ ಸ್ವಲ್ಪ ಸ್ವಲ್ಪವಾಗಿ ತರುವುದು. ಮೊದಲು ಒಂದು ಕಚೇರಿಯಲ್ಲಿ, ಅನಂತರ ಹತ್ತರಲ್ಲಿ, ಕೊನೆಗೆ ಎಲ್ಲ ಕಡೆ. ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕಿ ನೋಡಿದಂತೆ ಇದು. ಆದರೆ ಒಂದಗುಳಿನ ನ್ಯಾಯ ಸಲ್ಲುವುದು ಪಾತ್ರೆಯೊಳಗೆ ಒಂದೇ ಬಗೆಯ ಅಕ್ಕಿ ಇದ್ದಾಗ. 2022ರ ಜೂನ್ 21ರಂದು ಅದೇ ಕ್ಲೌಡ್‌ಫ್ಲೇರಿನಲ್ಲಿ ಮಾರ್ಗಗಳನ್ನು ಸಾರುವ ನಿಯಮಪಟ್ಟಿಯೊಂದನ್ನು ತಿದ್ದಿದರು. ತಿದ್ದುವಾಗ ನಿಯಮಗಳ ಕ್ರಮ ಬದಲಾಯಿತು. ಉಳಿದದ್ದನ್ನೆಲ್ಲ ತಿರಸ್ಕರಿಸು ಎಂಬ ನಿಯಮ ಮೇಲಕ್ಕೆ ಬಂದು, ಅದರ ಕೆಳಗೆ ಬಿದ್ದ ಮುಖ್ಯ ನಿಯಮಗಳಿಗೆ ಸರದಿಯೇ ಬರಲಿಲ್ಲ. ನಮ್ಮ ಶಿವಮೊಗ್ಗದ ಚೀಲದ ಕಥೆಯೇ ಇದು. ಅವರೇನೂ ಒಮ್ಮೆಲೇ ಎಲ್ಲ ಕಡೆಗೂ ಹಚ್ಚಿರಲಿಲ್ಲ. ಹಂತ ಹಂತವಾಗಿಯೇ ಹೊರಟಿದ್ದರು. ಎರಡು ಗಂಟೆಗಳಿಗೂ ಹೆಚ್ಚು ಕಾಲ ಏನೂ ಕೆಡಲಿಲ್ಲ. ಏಕೆಂದರೆ ಮೊದಲು ಹಚ್ಚಿದ ಊರುಗಳೆಲ್ಲ ಹಳೆಯ ಬಗೆಯ ರಚನೆಯವು. ಹೊಸ ರಚನೆಯ 19 ಕೇಂದ್ರಗಳಿಗೆ ಸರದಿ ಬಂದದ್ದು ಕೊನೆಯಲ್ಲಿ. ನಮ್ಮ ಮುಂಬಯಿಯೂ ಅವುಗಳಲ್ಲಿ ಒಂದು. ಭಾರತದ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮೂರು ನಿಮಿಷವಿರುವಾಗ ಬದಲಾವಣೆ ಅವುಗಳನ್ನು ಮುಟ್ಟಿತು. ಆ ಕೇಂದ್ರಗಳು ಜಗತ್ತಿನಿಂದ ಕಡಿದುಹೋದವು. ಸಂಖ್ಯೆಯಲ್ಲಿ ಅವು ಇಡೀ ಜಾಲದ ಶೇಕಡ 4ರಷ್ಟು ಮಾತ್ರ. ಆದರೆ ಕೋರಿಕೆಗಳಲ್ಲಿ ಅರ್ಧದಷ್ಟಕ್ಕೆ ಪೆಟ್ಟು ಬಿದ್ದಿತು. ಸ್ವಲ್ಪದರಲ್ಲಿ ಪರೀಕ್ಷಿಸುವವರು ಆ ಸ್ವಲ್ಪದಲ್ಲಿ ಎಲ್ಲ ಬಗೆಗಳೂ ಒಂದೊಂದಾದರೂ ಇರುವಂತೆ ನೋಡಿಕೊಳ್ಳಬೇಕು.

ಇದಕ್ಕೆ ಸಂಬಂಧಪಟ್ಟ ಇನ್ನೊಂದು ಮಾತನ್ನು ಕೆನಡಾ ದೇಶದಿಂದ ಕಲಿಯಬಹುದು. ಅಲ್ಲಿನ ರೋಜರ್ಸ್ ಎಂಬ ದೂರಸಂಪರ್ಕ ಸಂಸ್ಥೆ ತನ್ನ ಜಾಲವನ್ನು ಏಳು ಹಂತಗಳಲ್ಲಿ ಸುಧಾರಿಸಲು ಹೊರಟಿತ್ತು. ಆರಂಭದಲ್ಲಿ ಅದನ್ನು ಹೆಚ್ಚು ಅಪಾಯದ ಕೆಲಸವೆಂದೇ ಗುರುತಿಸಿದ್ದರು. ಆದರೆ ಹಂತಗಳು ಸುಗಮವಾಗಿ ಮುಗಿಯುತ್ತ ಹೋದಂತೆ, ಹಿಂದಿನ ಯಶಸ್ಸನ್ನು ಲೆಕ್ಕಕ್ಕೆ ಹಿಡಿಯುವ ಸೂತ್ರದ ಪ್ರಕಾರ ಅಪಾಯದ ಮಟ್ಟವನ್ನು ಕೆಳಗಿಳಿಸುತ್ತ ಬಂದರು. 2022ರ ಜುಲೈ 8ರಂದು ಆರನೆಯ ಹಂತದಲ್ಲಿ, ಮಾರ್ಗಗಳ ಸಂಖ್ಯೆಗೆ ಒಡ್ಡಿನಂತೆ ನಿಂತಿದ್ದ ಒಂದು ಸೋಸುವ ನಿಯಮವನ್ನು ತೆಗೆದುಹಾಕಲಾಯಿತು. ಒಡ್ಡು ಒಡೆದು, ಮಾರ್ಗಗಳ ಮಾಹಿತಿಯ ಪ್ರವಾಹ ಜಾಲದ ನಡುಭಾಗದ ರೂಟರುಗಳನ್ನು ಮುಳುಗಿಸಿತು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಗಿರಾಕಿಗಳಿಗೆ ಫೋನು, ಅಂತರ್ಜಾಲ ಎರಡೂ ನಿಂತವು. ಅಂಗಡಿಗಳಲ್ಲಿ ಕಾರ್ಡಿನಿಂದ ಹಣ ಕೊಡುವುದು ನಿಂತಿತು. ಆಪತ್ತಿನಲ್ಲಿ ಪೊಲೀಸರನ್ನೂ ಆಂಬುಲೆನ್ಸನ್ನೂ ಕರೆಯುವ 911 ಸಂಖ್ಯೆಗೆ ಎಷ್ಟೋ ಮಂದಿಯ ಕರೆ ತಲುಪಲಿಲ್ಲ. ಐದು ಹೊಳೆಗಳನ್ನು ಸುಖವಾಗಿ ದಾಟಿದೆವೆಂದು ಆರನೆಯ ಹೊಳೆಯ ಆಳ ಕಡಿಮೆಯಾಗುವುದಿಲ್ಲ. ಪ್ರತಿಯೊಂದು ಬದಲಾವಣೆಯನ್ನೂ ಅದರದರ ಸ್ವರೂಪದ ಮೇಲೆಯೇ ತೂಗಬೇಕು. ನಿಯಮವನ್ನು ಸೇರಿಸುವುದಕ್ಕಿಂತ ತೆಗೆಯುವಾಗ ಇನ್ನೂ ಹೆಚ್ಚು ಎಚ್ಚರ ಬೇಕು: ಅದು ಇಷ್ಟು ದಿನ ಏನನ್ನು ತಡೆದು ನಿಲ್ಲಿಸಿತ್ತೆಂಬುದು ಅದು ಇರುವವರೆಗೆ ಕಣ್ಣಿಗೆ ಬಿದ್ದಿರುವುದಿಲ್ಲ.

ಆರನೆಯದು ಹಿಂದಿರುಗುವ ದಾರಿ. ಬದಲಾವಣೆಯ ದಿನ ಹಳೆಯ ಪಟ್ಟಿಯ ಪ್ರತಿ ಕೈಯಲ್ಲಿರಬೇಕು. ಏನು ಕಂಡರೆ ಹಿಂದಿರುಗುವುದು, ಯಾರು ಹೇಳಿದರೆ ಹಿಂದಿರುಗುವುದು ಎಂದು ಮೊದಲೇ ಗೊತ್ತುಮಾಡಿರಬೇಕು. ಗಾಬರಿಯಲ್ಲಿ ಹತ್ತು ಮಂದಿ ಹತ್ತು ಕಡೆಯಿಂದ ಕೈಹಾಕಿದರೆ ಏನಾಗುತ್ತದೆಂಬುದಕ್ಕೆ 2022ರ ಜೂನ್ ತಿಂಗಳ ಪ್ರಸಂಗವೇ ಸಾಕ್ಷಿ. ಆಗ ಒಬ್ಬರು ಸರಿಪಡಿಸಿದ್ದನ್ನು ಇನ್ನೊಬ್ಬರು ತಿಳಿಯದೆ ಕೆಡಿಸಿ, ದುರಸ್ತಿ ತಡವಾಯಿತು. ಇನ್ನೂ ಒಂದು ಸೂಕ್ಷ್ಮವುಂಟು. ಹಿಂದಿರುಗುವ ದಾರಿ ನಾವು ಮುರಿಯಬಹುದಾದ ಸೇತುವೆಯ ಮೇಲೆಯೇ ಹಾದುಹೋಗಬಾರದು. ರೋಜರ್ಸ್ ನೌಕರರು ದೂರದಿಂದ ಯಂತ್ರಗಳನ್ನು ಮುಟ್ಟುತ್ತಿದ್ದ ಜಾಲವೂ ಅದೇ ನಡುಭಾಗವನ್ನು ಅವಲಂಬಿಸಿತ್ತು. ಅದು ಮುಳುಗಿದಾಗ ಇವರ ಕೈಯೂ ಕಟ್ಟಿಹೋಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆಗಳ ಕಾಲ ಮಾಯವಾದಾಗಲೂ ಹೀಗೆಯೇ ಆಯಿತು. ಇಂಜಿನಿಯರುಗಳು ಯಂತ್ರಗಳಿದ್ದ ಕಟ್ಟಡಗಳಿಗೇ ಹೋಗಿ, ಬಿಗಿಯಾದ ಕಾವಲನ್ನು ದಾಟಿ ಒಳಹೊಕ್ಕು ಸರಿಪಡಿಸಬೇಕಾಯಿತು.

ಆ ಫೇಸ್‌ಬುಕ್ ಪ್ರಸಂಗದಿಂದಲೇ ಕೊನೆಯ ಪರೀಕ್ಷೆಯೂ ಹೊಳೆಯುತ್ತದೆ. ಅಂದು ನಿತ್ಯದ ನಿರ್ವಹಣೆಯಲ್ಲಿ, ಜಾಲದ ಬೆನ್ನೆಲುಬಿನ ಸಾಮರ್ಥ್ಯ ಎಷ್ಟಿದೆಯೆಂದು ಅಳೆಯುವುದಕ್ಕೆಂದು ಕೊಟ್ಟ ಆಜ್ಞೆ ಆ ಬೆನ್ನೆಲುಬನ್ನೇ ಕಡಿದುಹಾಕಿತು. ಇಂಥ ಆಜ್ಞೆಗಳನ್ನು ಮೊದಲೇ ತಡೆಯಲೆಂದು ಒಂದು ಪರೀಕ್ಷಕ ಸಾಧನವನ್ನು ಇಟ್ಟಿದ್ದರು. ಆ ಸಾಧನದಲ್ಲಿಯೇ ದೋಷವಿದ್ದುದರಿಂದ ಅದು ತಡೆಯಲಿಲ್ಲ. ಆದುದರಿಂದ ಪರೀಕ್ಷಕನನ್ನೂ ಪರೀಕ್ಷಿಸಬೇಕು. ಇದು ಕಷ್ಟವೇನಲ್ಲ. ಆಗಾಗ ಬೇಕೆಂತಲೇ ತಪ್ಪಾದ ನಿಯಮಪಟ್ಟಿಯನ್ನು ಅದರ ಮುಂದಿಟ್ಟು ನೋಡಿ: ಖಾಲಿ ಪಟ್ಟಿ, ಕ್ರಮ ತಪ್ಪಿದ ಪಟ್ಟಿ, ಇಲ್ಲದ ಚೀಲವನ್ನು ಹೇಳುವ ಪಟ್ಟಿ. ಇವುಗಳಲ್ಲಿ ಯಾವುದಕ್ಕಾದರೂ ಅದು ಸೈ ಎಂದರೆ, ಇದುವರೆಗೆ ಅದು ಹೇಳಿದ ಸೈಗಳಿಗೂ ಬೆಲೆಯಿಲ್ಲವೆಂದು ತಿಳಿಯಬೇಕು.

ಇದೆಲ್ಲ ದೊಡ್ಡ ಸಂಸ್ಥೆಗಳ ಮಾತು, ನಮಗೇನು ಎಂದು ಓದುಗರು ಕೇಳಬಹುದು. ನಿಮ್ಮ ಇ-ಮೇಲಿನಲ್ಲಿ ಬೇಡದ ಪತ್ರಗಳು ತಾವಾಗಿಯೇ ಕಸಕ್ಕೆ ಹೋಗುವಂತೆ ನೀವೂ ನಿಯಮ ಬರೆಯಬಹುದು. ವಿಷಯದ ಸಾಲಿನಲ್ಲಿ ಸಾಲ ಎಂಬ ಮಾತಿದ್ದರೆ ಅಳಿಸು ಎಂದು ಬರೆದಿರೆನ್ನಿ. ಸಾಲ ಕೊಡುತ್ತೇವೆಂದು ಪೀಡಿಸುವವರ ಪತ್ರಗಳು ಹೋಗುತ್ತವೆ, ನಿಜ. ಅದರೊಡನೆ, ನಿಮ್ಮ ಮನೆಯ ಸಾಲ ತೀರಿತೆಂದು ಬ್ಯಾಂಕು ಬರೆದ ಪತ್ರವೂ ಹೋಗುತ್ತದೆ. ಸಾಲುಮರದ ತಿಮ್ಮಕ್ಕನವರನ್ನು ಕುರಿತು ಸ್ನೇಹಿತರು ಕಳಿಸಿದ ಲೇಖನವೂ ಹೋದೀತೇ? ಯಂತ್ರ ಪೂರ್ತಿ ಪದವನ್ನು ನೋಡುತ್ತದೆಯೋ ಅಕ್ಷರಗಳನ್ನು ಮಾತ್ರ ನೋಡುತ್ತದೆಯೋ ಎಂಬುದರ ಮೇಲೆ ಅದು ನಿಂತಿದೆ. ಆದುದರಿಂದ ನಿಯಮವನ್ನು ಜಾರಿಗೆ ತರುವ ಮುನ್ನ ಆ ಮಾತನ್ನೇ ಹುಡುಕು ಪೆಟ್ಟಿಗೆಯಲ್ಲಿ ಹಾಕಿ, ಹಳೆಯ ಪತ್ರಗಳಲ್ಲಿ ಯಾವುವು ಸಿಕ್ಕುತ್ತವೆಂದು ನೋಡಿ. ಅವುಗಳಲ್ಲಿ ನಿಮಗೆ ಬೇಕಾದ್ದು ಒಂದಿದ್ದರೂ ನಿಯಮವನ್ನು ತಿದ್ದಿ. ಮೊದಲ ತಿಂಗಳು ಅಳಿಸುವ ಬದಲು ಬೇರೊಂದು ಕಡತಕ್ಕೆ ಹೋಗುವಂತೆ ಮಾಡಿ, ವಾರಕ್ಕೊಮ್ಮೆ ಇಣಿಕಿ ನೋಡಿ. ಮೇಲೆ ಹೇಳಿದ ಪರೀಕ್ಷೆಗಳ ಸಾರವೇ ಇದರಲ್ಲಿದೆ.

ನಿಯಮವನ್ನು ಬರೆಯುವವರು ಇನ್ನೂ ಬಾರದ ಕಾಗದಗಳಿಗಾಗಿ ಬರೆಯುತ್ತಾರೆ. ಕಾಗದದ ಆ ತುದಿಯಲ್ಲಿರುವವರ ಪರಿಚಯ ಅವರಿಗೆ ಇರುವುದಿಲ್ಲ. ರಕ್ತಪರೀಕ್ಷೆಯ ವರದಿಗಾಗಿ ಕಾಯುತ್ತಿರುವ ವೈದ್ಯರಿರಬಹುದು, ಪಿಂಚಣಿ ಜಮೆಯಾಯಿತೇ ಎಂದು ಫೋನು ನೋಡುತ್ತಿರುವ ವೃದ್ಧರಿರಬಹುದು, ಎದೆನೋವೆಂದು ಆಂಬುಲೆನ್ಸಿಗೆ ಕರೆ ಮಾಡುತ್ತಿರುವ ಮನೆಯವರಿರಬಹುದು. ಕಾಗದ ಬಾರದಿದ್ದರೆ ಇವರು ಮತ್ತೆ ಮತ್ತೆ ಕಾಯುತ್ತಾರೆಯೇ ಹೊರತು ಯಾವ ನಿಯಮ ಎಲ್ಲಿ ಕೆಟ್ಟಿತೆಂದು ಅವರಿಗೆ ತಿಳಿಯುವ ದಾರಿಯಿಲ್ಲ. ಅವರ ಪರವಾಗಿ ಮೊದಲೇ ಕೇಳಬೇಕಾದವರು ಪಟ್ಟಿಯನ್ನು ತಿದ್ದುವವರೇ. ಹಳೆಯ ಪಟ್ಟಿ, ಹೊಸ ಪಟ್ಟಿ, ಹತ್ತು ಸಾವಿರ ಹಳೆಯ ಕಾಗದಗಳು ಮತ್ತು ಒಂದು ಮಧ್ಯಾಹ್ನದ ತಾಳ್ಮೆ ಇಷ್ಟಿದ್ದರೆ ಆ ಕೆಲಸವನ್ನು ಆರಂಭಿಸಬಹುದು.